ಎರಡನೇ ಟಿಕ್

ಅವರ ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ನಾನು ಮಾಡಿದ್ದೇ ಸಾಕು. ಆಫೀಸಿನ ಮರಾಠಿ ಹುಡುಗರು ಅವರನ್ನು ಅಣ್ಣಾ ಅನ್ನುತ್ತಿದ್ದರು. ಈ ಮುಂಬೈ ಕಡೆ ದಕ್ಷಿಣದಿಂದ ಬಂದವರಿಗೆಲ್ಲ ಅದೊಂದೇ ಹೆಸರು. ನಾನು ಸರ್ ಅನ್ನುತ್ತಿದ್ದೆ. ಹೋದ ತಿಂಗಳು ತೀರಿಕೊಂಡರು. ಅವರಿಗೆ ಒಂದು ಮಾತು ಹೇಳುವುದಿತ್ತು, ಆರು ವರ್ಷದಿಂದ ಇತ್ತು, ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ನವಿ ಮುಂಬೈನ ಮಹಾಪೆಯಲ್ಲಿ ನಮ್ಮ ಕಂಪನಿ. ಬೇರೆಯವರ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅವರು ಅಲ್ಲಿ ಎಲ್ಲರಿಗಿಂತ ಹಳಬರು. ಮಂಗಳೂರು ಕಡೆಯ ಮಾತು, ಕಡ್ಡಿಯಂಥ ಮೈ, ಮೇ ತಿಂಗಳಲ್ಲೂ ಸರ್ವರ್ ರೂಮಿಗೆ ಹೋಗುವಾಗ ಮಂಕಿ ಕ್ಯಾಪ್. ನಾನು ಸೇರಿದ ಮೊದಲ ದಿನ ಆ ಟೋಪಿಯೊಳಗಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೆಂಗಳೂರಿನವರಾ ಅಂದರು. ಮೈಸೂರು ಸರ್ ಅಂದೆ. ಘಟ್ಟದ ಮೇಲಿನವರೆಲ್ಲ ಒಂದೇ, ನಿಮಗೆ ಎಲ್ಲದಕ್ಕೂ ಗಡಿಬಿಡಿ ಅಂದರು. ನನಗೆ ಚುರ್ರೆಂದಿತು. ಮೂವತ್ತು ವರ್ಷದವನು ನಾನು, ಸರ್ಟಿಫಿಕೇಟು ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದವನು, ಈ ಟೋಪಿಯವರು ಯಾರು ನನಗೆ ಹೇಳೋಕೆ ಅನ್ನಿಸಿತು.

ಅವರು ಹೆಸರು ಮಾಡಿದ್ದು ಒಂದೇ ವಿಷಯಕ್ಕೆ. ಸರ್ವರ್‌ಗೆ ಒಂದು ಪ್ಯಾಕೇಜ್, ಅಂದರೆ ಸಾಫ್ಟ್‌ವೇರಿನ ಒಂದು ಕಟ್ಟು, ಹಾಕಲು ಹೋದರೆ ಅದು ಇನ್ನೊಂದನ್ನು ಕೇಳುತ್ತದೆ, ಅದು ಮೂರನೆಯದನ್ನು ಕೇಳುತ್ತದೆ, ಮೂರನೆಯದು ಬಂದರೆ ನಾಲ್ಕನೆಯದು ಹೊರಗೆ ಹೋಗಬೇಕು ಅನ್ನುತ್ತದೆ. ಇದಕ್ಕೆ ಡಿಪೆಂಡೆನ್ಸಿ ಅಂತಾರೆ. ಗಂಟು ಬಿದ್ದರೆ ನಮ್ಮಂಥವರು ನೆಟ್‌ನಲ್ಲಿ ಹುಡುಕಿ ಯಾವನೋ ಬರೆದಿಟ್ಟ ಕಮ್ಯಾಂಡನ್ನು ಹಾಗೇ ತಂದು ಅಂಟಿಸಿ ದೇವರ ಮೇಲೆ ಭಾರ ಹಾಕುತ್ತಿದ್ದೆವು. ಅವರು ಓದುತ್ತಿದ್ದರು. ಮೆಷಿನ್ ಕೆಲಸ ಶುರು ಮಾಡುವ ಮುಂಚೆ ಏನೇನು ಹಾಕುತ್ತೇನೆ, ಏನೇನು ತೆಗೆಯುತ್ತೇನೆ ಅಂತ ಒಂದು ಪಟ್ಟಿ ತೋರಿಸಿ, ಮುಂದುವರಿಯಲಾ ಅಂತ ಕೇಳುತ್ತದಲ್ಲ, ನಾವೆಲ್ಲ ಕಣ್ಣು ಮುಚ್ಚಿ ಹೌದು ಅಂತ ವೈ ಒತ್ತುವ ಜಾಗ, ಅಲ್ಲಿ ಅವರು ಸ್ಕ್ರೀನಿನ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಬಾಯಿಬಿಟ್ಟು ಓದುತ್ತಿದ್ದರು. ನೂರು ಹೆಸರಿದ್ದರೆ ನೂರೂ. ಹೊಸದಾಗಿ ಸೇರಿದವರು ಹಾಗೆ ಒಂದು ಪಟ್ಟಿಯನ್ನು ಅವರ ಮುಂದೆ ಓದಿ ಒಪ್ಪಿಸುವವರೆಗೆ ಪಾಸ್‌ವರ್ಡ್ ಕೊಡುತ್ತಿರಲಿಲ್ಲ. ನನ್ನಿಂದಲೂ ಓದಿಸಿದರು.

‘ಎಂತ ಹಾಕ್ತದೆ ಅಂತ ನೋಡ್ಬೇಡಿ ಮಾರಾಯ್ರೆ, ಎಂತ ತೆಗೀತದೆ ಅಂತ ನೋಡಿ’ ಅನ್ನುವುದು ಅವರ ಮಾತು.

ಅವರ ತಂದೆ ಡೊಂಬಿವಲಿಯಲ್ಲಿ ಹೋಟೆಲ್ ನಡೆಸಿದವರು. ಅದಕ್ಕೇ ಎಲ್ಲ ವಿವರಣೆಯೂ ಅಡುಗೆಮನೆಯಿಂದಲೇ ಬರುತ್ತಿತ್ತು. ಸಾಫ್ಟ್‌ವೇರಿನಲ್ಲಿ ಲೈಬ್ರರಿ ಅಂದರೆ ಏನು ಅಂತ ಒಬ್ಬ ಹುಡುಗಿ ಕೇಳಿದಾಗ, ಹಿಟ್ಟು ರುಬ್ಬುವವನು ರಜೆ ಹಾಕಿದರೆ ದೋಸೆಯೂ ಇಲ್ಲ, ಇಡ್ಲಿಯೂ ಇಲ್ಲ, ಗಿರಾಕಿ ಅವನ ಮುಖ ಯಾವತ್ತೂ ನೋಡಿರುವುದಿಲ್ಲ, ಲೈಬ್ರರಿ ಅಂದ್ರೆ ಅವನು ಅಂದಿದ್ದರು. ಎಲ್ಲ ಗಂಟನ್ನೂ ಬಿಚ್ಚಲೇಬೇಕು ಅಂತಿಲ್ಲ, ಕೆಲವನ್ನು ಹಾಗೇ ಬಿಟ್ಟು ಮೇಲೆ ಚೀಟಿ ಅಂಟಿಸಬೇಕು ಅಂತಲೂ ಹೇಳುತ್ತಿದ್ದರು. ಆ ಚೀಟಿಗೆ ನಮ್ಮ ಕಸುಬಿನಲ್ಲಿ ಹೋಲ್ಡ್ ಅಂತ ಹೆಸರು. ಒಂದು ಪ್ಯಾಕೇಜಿಗೆ ಹೋಲ್ಡ್ ಹಾಕಿದರೆ, ಅದನ್ನು ಯಾರು ಅಪ್‌ಡೇಟ್ ಮಾಡಲು ಹೋದರೂ ಮೆಷಿನ್ ಬಿಡುವುದಿಲ್ಲ.

ಇನ್ನು ಅವರ ನೋಟ್‌ಬುಕ್ಕು. ಮಕ್ಕಳ ಶಾಲೆಯ ಇನ್ನೂರು ಪುಟದ ಪುಸ್ತಕ, ಕಂದು ಕಾಗದದ ರಟ್ಟು. ಯಾವ ಸರ್ವರ್‌ಗೆ ಯಾವ ದಿನ ಏನು ಮಾಡಿದರು ಅನ್ನುವುದು ಒಂದೊಂದು ಸಾಲು, ಕನ್ನಡದಲ್ಲಿ. ಸಾಲಿನ ಕೊನೆಗೆ ಒಂದು ಟಿಕ್. ಆ ಟಿಕ್ಕಿಗೂ ಒಂದು ಮಡಿ ಇತ್ತು. ಕೆಲಸ ಮುಗಿದ ತಕ್ಷಣ ಹಾಕುವಂತಿಲ್ಲ. ಎದ್ದು ಹೋಗಿ, ಕೈ ತೊಳೆದು, ಒಂದು ಲೋಟ ನೀರು ಕುಡಿದು ಬಂದು, ಆದದ್ದು ನಿಜಕ್ಕೂ ಆಗಿದೆಯಾ ಅಂತ ಮೆಷಿನನ್ನೇ ಇನ್ನೊಮ್ಮೆ ಕೇಳಿ, ಆಮೇಲೆ ಟಿಕ್. ನಾವು ನಗುತ್ತಿದ್ದೆವು. ನಗಿ ನಗಿ ಅನ್ನುತ್ತಿದ್ದರು. ನೆನಪನ್ನು ನಂಬಬೇಡಿ, ಬರೆದದ್ದನ್ನೂ ಪೂರ್ತಿ ನಂಬಬೇಡಿ, ಕೊನೆಗೆ ಮೆಷಿನ್ ಏನು ಹೇಳುತ್ತದೋ ಅದು. ಈ ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಅವರ ಮನೆ ಠಾಕುರ್ಲಿ, ನಮ್ಮದು ಅದರ ಮುಂದಿನ ಸ್ಟೇಷನ್ನು ಡೊಂಬಿವಲಿ. ಬೆಳಿಗ್ಗೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಒಂದೇ ಸ್ಲೋ ಲೋಕಲ್ ರೈಲು, ಒಂದೇ ಡಬ್ಬಿ. ಕಲ್ಯಾಣದಿಂದಲೇ ತುಂಬಿ ಬರುವ ಗಾಡಿಯಲ್ಲಿ ಅವರಿಗೆ ಹೇಗೋ ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟಿನ ತುದಿ ಸಿಗುತ್ತಿತ್ತು; ಆ ಡಬ್ಬಿಯ ಹಳೇ ದೋಸ್ತಿಗಳು ಸರಿದು ಜಾಗ ಮಾಡುತ್ತಿದ್ದರು. ನಾನು ಹತ್ತಿ ಅವರ ಮುಂದೆ ನಿಲ್ಲುವುದು. ದಿವಾ ಸ್ಟೇಷನ್ ಬಂದ ಕೂಡಲೇ ಅವರು ಎದ್ದು ನನಗೆ ಸೀಟು ಬಿಡುವುದು. ದಿವಾದಲ್ಲಿ ಜನ ಹೇಗೆ ನುಗ್ಗುತ್ತಾರೆ ಅಂತ ಆ ಲೈನಿನಲ್ಲಿ ಓಡಾಡಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಐವತ್ತೈದು ದಾಟಿದವರು ಎದ್ದು ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಬೇಡ ಸರ್ ಅಂದರೆ, ಅರ್ಧ ದಾರಿ ನನ್ನದು, ಅರ್ಧ ನಿಮ್ಮದು, ನ್ಯಾಯ ನ್ಯಾಯವೇ ಅನ್ನುತ್ತಿದ್ದರು. ಠಾಣೆಯಲ್ಲಿ ಇಳಿದು ವಾಶಿ ಗಾಡಿಗೆ ಓಡುವಾಗ ಅವರ ಟಿಫಿನ್ ಡಬ್ಬ ನಾನು ಹಿಡಿದುಕೊಳ್ಳುತ್ತಿದ್ದೆ. ಸತ್ಯ ಹೇಳಬೇಕೆಂದರೆ ಎರಡನೇ ವರ್ಷಕ್ಕೆ ಅವರು ನನಗೆ ಇಷ್ಟವಾಗಿಬಿಟ್ಟಿದ್ದರು. ಹಾಗಿದ್ದೂ ಮಾಡಿದೆ.

ಕಲ್ಯಾಣದಿಂದ ಠಾಣೆವರೆಗೆ ಶಾಖೆಗಳಿದ್ದ ಒಂದು ರಕ್ತಪರೀಕ್ಷೆಯ ಲ್ಯಾಬು ನಮ್ಮ ಗಿರಾಕಿ. ಅದರ ರಿಪೋರ್ಟ್ ಪ್ರಿಂಟ್ ಮಾಡುವ ಸಾಫ್ಟ್‌ವೇರು ಓಬೀರಾಯನ ಕಾಲದ್ದು, ಬರೆದವನು ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅದಕ್ಕೆ ಒಂದು ಹಳೇ ಲೈಬ್ರರಿಯೇ ಬೇಕು, ಹೊಸದು ಬಂದರೆ ಮಲಗಿಬಿಡುತ್ತದೆ. ಸರ್ ಆ ಲೈಬ್ರರಿಗೆ ಹೋಲ್ಡ್ ಹಾಕಿದರು. ಹಾಕುವಾಗ ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಎದ್ದು ಹೋದರು, ಕೈ ತೊಳೆದರು, ಬಂದು ನೋಡಿದರು, ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದರು. ಇದೆಲ್ಲ ನನ್ನ ಕಣ್ಣಾರೆ ಕಂಡದ್ದು.

ಅದಾಗಿ ಮೂರು ತಿಂಗಳಿಗೆ ಚೌತಿ ಬಂತು. ಅವರು ರಜೆ ಹಾಕಿ ಊರಿಗೆ ಹೋಗಿದ್ದರು. ಯಾವುದೋ ಸೆಕ್ಯುರಿಟಿ ಅಪ್‌ಡೇಟು ಆವತ್ತು ಸಂಜೆಯೊಳಗೆ ಎಲ್ಲ ಸರ್ವರ್‌ಗೂ ಆಗಬೇಕಿತ್ತು, ಕೆಲಸ ನನ್ನ ಪಾಲಿಗೆ ಬಂತು. ಲ್ಯಾಬಿನ ಸರ್ವರ್ ತಡೆಯಿತು. ಹೊಸ ಪ್ಯಾಕೇಜಿಗೆ ಹೊಸ ಲೈಬ್ರರಿ ಬೇಕು, ಲೈಬ್ರರಿಗೆ ಹೋಲ್ಡ್ ಇದೆ, ಆಗುವುದಿಲ್ಲ ಅಂತ ಕೆಂಪಕ್ಷರದಲ್ಲಿ ನೆಟ್ಟಗೆ ಹೇಳಿತು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ವಾರವಷ್ಟೇ ಮ್ಯಾನೇಜರ್ ಎಲ್ಲರೆದುರು, ನಿನಗೆ ಪ್ರತಿಯೊಂದಕ್ಕೂ ಅಣ್ಣಾನೇ ಬೇಕಾ ಅಂತ ನಕ್ಕಿದ್ದ. ಆ ನಗು ನನ್ನ ಹೊಟ್ಟೆಯಲ್ಲಿ ಕೂತಿತ್ತು. ಹೋಲ್ಡ್ ತೆಗೆದೆ. ಪಟ್ಟಿ ಬಂತು, ಓದಲಿಲ್ಲ. ವೈ ಒತ್ತಿದೆ. ಊಟಕ್ಕೆ ಹೋದೆ.

ಊಟ ಮುಗಿಸಿ ಬರುವ ಹೊತ್ತಿಗೆ ಲ್ಯಾಬಿನ ಅಷ್ಟೂ ಶಾಖೆಗಳಲ್ಲಿ ರಿಪೋರ್ಟ್ ನಿಂತಿತ್ತು. ಹಿಂದಕ್ಕೆ ಹೋಗಲು ನೋಡಿದೆ, ಹಳೇ ಲೈಬ್ರರಿ ಎಲ್ಲೂ ಸಿಗಲಿಲ್ಲ. ಸರ್‌ಗೆ ಫೋನು ಹೋಯಿತು. ಅವರು ಅದರ ಒಂದು ಪ್ರತಿಯನ್ನು ತಮ್ಮ ಡ್ರಾಯರಿನ ಪೆನ್‌ಡ್ರೈವಿನಲ್ಲಿ ಎತ್ತಿಟ್ಟಿದ್ದರು, ಡ್ರಾಯರಿನ ಕೀಲಿ ಅವರ ಜೇಬಿನಲ್ಲಿ. ಹಬ್ಬ ಬಿಟ್ಟು ಸಿಕ್ಕ ಬಸ್ಸು ಹತ್ತಿ ಮರುದಿನ ಮಧ್ಯಾಹ್ನ ನೇರ ಆಫೀಸಿಗೆ ಬಂದು ಸರಿ ಮಾಡಿದರು. ಅಷ್ಟರೊಳಗೆ ಲ್ಯಾಬಿನವರು ರಿಪೋರ್ಟುಗಳನ್ನು ಕೈಯಲ್ಲಿ ಬರೆದು ಕೊಟ್ಟಿದ್ದರು. ಒಬ್ಬರ ಸಕ್ಕರೆಯ ಅಂಕಿ ಅದೇ ಸರ್‌ನೇಮಿನ ಒಬ್ಬ ಮುದುಕರ ಕಾಗದಕ್ಕೆ ಹೋಯಿತು. ಆ ಮುದುಕರಿಗೆ ಬೇಡದ ಮದ್ದು ಕೊಟ್ಟು ಐಸಿಯುವಿಗೆ ಸೇರಿಸುವಂತಾಯಿತು. ಬದುಕಿದರು, ಪುಣ್ಯಕ್ಕೆ. ಆದರೆ ಲ್ಯಾಬಿನವರು ಯಾರದ್ದಾದರೂ ತಲೆ ಕೇಳಿದರು.

ಆ ಬಸ್ಸು ಬರುತ್ತಿದ್ದಾಗಲೇ ನಾನು ಇನ್ನೊಂದು ಕೆಲಸ ಮಾಡಿದ್ದೆ. ಲಿನಕ್ಸ್‌ನಲ್ಲಿ ಟೈಪ್ ಮಾಡಿದ ಕಮ್ಯಾಂಡುಗಳೆಲ್ಲ ಒಂದು ಫೈಲಿನಲ್ಲಿ ಉಳಿಯುತ್ತವೆ. ಯಾವ ಪ್ಯಾಕೇಜು ಯಾವಾಗ ಬಂತು ಹೋಯಿತು ಅನ್ನುವುದಕ್ಕೆ ಬೇರೆ ದಾಖಲೆಗಳೂ ಇವೆ, ಆದರೆ ಹೋಲ್ಡ್ ಹಾಕಿದ್ದು ತೆಗೆದದ್ದು ನಮ್ಮ ಸರ್ವರ್‌ಗಳಲ್ಲಿ ಈ ಫೈಲು ಬಿಟ್ಟರೆ ಬೇರೆಲ್ಲೂ ಉಳಿಯುತ್ತಿರಲಿಲ್ಲ. ಹಾಕಿದ್ದರ ಸಾಲು ಹಳೆಯದಾಗಿ ಯಾವತ್ತೋ ಅಳಿಸಿಹೋಗಿತ್ತು. ತೆಗೆದದ್ದರ ಸಾಲನ್ನು ನಾನು ಅಳಿಸಿದೆ. ಒಂದೇ ಸಾಲು, ನಾಲ್ಕು ಪದ ಇರಬಹುದು.

ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನನ್ನೇ ಮೊದಲು ಕೇಳಿದ, ‘ಹೋಲ್ಡ್ ಥಾ ಕ್ಯಾ?’

‘ನಹೀ ಥಾ ಸರ್’ ಅಂದೆ.

ಹೋಲ್ಡ್ ಇಲ್ಲದಿದ್ದರೆ ಅಪ್‌ಡೇಟ್ ಹಾಕಿದ ನನ್ನದೇನೂ ತಪ್ಪಿಲ್ಲ, ಹಾಕಬೇಕಾದವರು ಮರೆತಿದ್ದಾರೆ ಅಂತಾಯಿತು. ಸರ್ ನೋಟ್‌ಬುಕ್ ತೆಗೆದರು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತರು. ಟಿಕ್ ಇತ್ತು, ನನಗೆ ಎದುರಿನಿಂದಲೇ ಕಾಣುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಏನೇನೋ ಹುಡುಕಿದರು. ಕೊನೆಗೆ ಪುಸ್ತಕ ಮುಚ್ಚಿ, ಪುಸ್ತಕದಲ್ಲಿ ಉಂಟು, ಮೆಷಿನ್‌ನಲ್ಲಿ ಇಲ್ಲ, ಹಾಗಾದರೆ ನನ್ನದೇ ತಪ್ಪು ಅಂತ ಹಿಂದಿಯಲ್ಲಿ ಹೇಳಿದರು.  

ಮಾರನೇ ದಿನ ಗಾಡಿಯಲ್ಲಿ ಸಿಕ್ಕರು. ಗಾಡಿ ಕೋಪರ್ ದಾಟಿತು. ಆಮೇಲೆ ತಲೆಯೆತ್ತಿ ಕೇಳಿದರು, ‘ಅವತ್ತು ನೀವು ಪಕ್ಕದಲ್ಲೇ ಇದ್ರಲ್ವಾ. ನಾನು ಹೋಲ್ಡ್ ಹಾಕಿದ್ದು ನೀವು ನೋಡಿದ ನೆನಪು ಉಂಟಾ?’

‘ನೆನಪಿಲ್ಲ ಸರ್.’

ಸರಿ ಸರಿ ಅಂದರು. ದಿವಾ ಬಂತು. ಎದ್ದು ಸೀಟು ಬಿಟ್ಟರು. ನಾನು ಕೂತೆ. ಥೂ, ನನ್ನ ಜನ್ಮಕ್ಕೆ! ಕೂತೆ. ಮುಂದಿನ ವಾರದಿಂದ ಡೊಂಬಿವಲಿಯಲ್ಲಿ ಫಾಸ್ಟ್ ಗಾಡಿ ಹಿಡಿಯಲು ಶುರು ಮಾಡಿದೆ. ಅದು ಠಾಕುರ್ಲಿಯಲ್ಲಿ ನಿಲ್ಲುವುದಿಲ್ಲ.

ಅವರನ್ನು ಸರ್ವರ್‌ಗಳಿಂದ ತೆಗೆದು ಗೋದಾಮಿಗೆ ಹಾಕಿದರು. ಕೀಬೋರ್ಡು, ಮಾನಿಟರುಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುವ ಕೆಲಸ. ಅಲ್ಲೂ ಮಂಕಿ ಕ್ಯಾಪ್ ಹಾಕಿಕೊಂಡೇ ಕೂರುತ್ತಿದ್ದರು, ಅಲ್ಲಿ ಏಸಿಯೇ ಇರಲಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆಗೆ ಸಮೋಸ ತರಿಸಿದ್ದರು, ನಾನು ಅವತ್ತು ಹುಷಾರಿಲ್ಲ ಅಂತ ರಜೆ ಹಾಕಿದೆ. ಅವರ ಕುರ್ಚಿ ನನಗೆ ಬಂತು. ಹೊಸಬರಿಂದ ಪಟ್ಟಿ ಓದಿಸುವ ಕ್ರಮವನ್ನು ನಾನು ಮುಂದುವರಿಸಿದೆ, ಅದು ನನ್ನದೇ ಕ್ರಮ ಅಂತ ಹುಡುಗರು ತಿಳಿದುಕೊಂಡಿದ್ದಾರೆ.

ಈ ಆರು ವರ್ಷ ನಾನು ನಿದ್ದೆ ಮಾಡಿದ್ದು ಒಂದು ನಂಬಿಕೆಯ ಮೇಲೆ. ಅವರಿಗೆ ಎಲ್ಲ ಗೊತ್ತಿತ್ತು, ನನ್ನ ಸಣ್ಣ ವಯಸ್ಸು ನೋಡಿ, ಆಗಷ್ಟೇ ಮದುವೆಯಾದವನು ಅಂತ ನೋಡಿ, ತಮ್ಮ ಮೇಲೆ ಹಾಕಿಕೊಂಡರು ಅಂತ. ದೊಡ್ಡ ಮನುಷ್ಯರು, ಕ್ಷಮಿಸಿದ್ದಾರೆ ಅಂತ ಮನಸ್ಸಿನಲ್ಲೇ ಅವರಿಗೆ ಹಾರ ಹಾಕಿ ಕೂರಿಸಿದ್ದೆ. ಹೀಗೆ ಅಂದುಕೊಂಡರೆ ಹೋಗಿ ಹೇಳುವ ಅಗತ್ಯವೂ ಬೀಳುವುದಿಲ್ಲ ನೋಡಿ. ಗೊತ್ತಿರುವವರಿಗೆ ಏನಂತ ಹೇಳುವುದು?

ಸಾವಿನ ಸುದ್ದಿ ಆಫೀಸಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈ ಮುಗಿದ ಚಿತ್ರಗಳ ಸಾಲಿಗೆ ನಾನೂ ಒಂದು ಸೇರಿಸಿದೆ. ಹದಿನೈದು ದಿನ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಠಾಕುರ್ಲಿಗೆ ಹೋದೆ. ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗು, ನಾಲ್ಕನೇ ಮಾಳಿಗೆ. ಬಾಗಿಲು ತೆಗೆದ ಮಗಳು ಒಳಗೆ ತಿರುಗಿ, ‘ಆಯಿ, ಕೋಣಿತರಿ ಆಲೇತ್’ ಅಂತ ಮರಾಠಿಯಲ್ಲಿ, ಯಾರೋ ಬಂದಿದ್ದಾರೆ ಅಂತ ತಾಯಿಯನ್ನು ಕೂಗಿದಳು. ಅವರ ಹೆಂಡತಿ ಬಂದರು. ಹೆಸರು ಹೇಳಿದೆ. ಗುರುತು ಹಿಡಿದರು. ಗಾಡಿಯಲ್ಲಿ ಜೊತೆಗೆ ಹೋಗುತ್ತಿದ್ದವರಲ್ವಾ, ನಿಮ್ಮ ಸುದ್ದಿ ಹೇಳುತ್ತಿದ್ದರು ಅಂದರು. ಕುಡಿಯಲು ನೀರು ಕೊಟ್ಟರು.

ಹೇಗಾಯಿತು ಅಂತ ಕೇಳಿದೆ. ಮನೆಗೆ ಬೀಗ ಹಾಕಿ ಇಬ್ಬರೂ ದೇವಸ್ಥಾನಕ್ಕೆ ಹೊರಟಿದ್ದರಂತೆ. ಕೆಳಗಿಳಿದ ಮೇಲೆ ಸರ್‌ಗೆ ಬೀಗ ಹಾಕಿದ್ದೇನಾ ಅಂತ ಅನುಮಾನ ಬಂದು ಹತ್ತಿ ನೋಡಿ ಬಂದರಂತೆ. ಗೇಟಿನ ಹತ್ತಿರ ಹೋಗಿ ಮತ್ತೆ ಹತ್ತಿದರಂತೆ. ಮೂರನೇ ಸಲ ಹತ್ತಿದವರು ಮೂರನೇ ಮಾಳಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ, ಆಮೇಲೆ ಏಳಲಿಲ್ಲ.

‘ಬೀಗ ಹಾಕಿತ್ತು’ ಅಂದರು ಆಕೆ. ‘ಯಾವಾಗಲೂ ಹಾಕಿಯೇ ಇರ್ತಿತ್ತು.’

ಕೆಲಸ ಬಿಟ್ಟ ಮೇಲೆ ಅವರು ಠಾಣೆಯ ವರ್ತಕ ನಗರದಲ್ಲಿದ್ದ ಬಾವನ ಹೋಟೆಲಿಗೆ ಹೋಗುತ್ತಿದ್ದರಂತೆ, ಅಡುಗೆಮನೆಯ ಉಸ್ತುವಾರಿಗೆ. ಹಿಟ್ಟಿಗೆ ಉಪ್ಪು ಬಿದ್ದಿದೆಯಾ ಅಂತ ಭಟ್ಟರನ್ನು ಮೂರು ಮೂರು ಸಲ ಕೇಳುವುದು, ಕೇಳಿದ್ದೇನಾ ಅಂತ ಮತ್ತೆ ಕೇಳುವುದು. ಭಟ್ಟರು ರೇಗಿದರು. ಸರ್ ಅದನ್ನೂ ಬಿಟ್ಟು ಮನೆಯಲ್ಲಿ ಕೂತರು. ಮರೆವಿನ ಕಾಯಿಲೆ ಇರಬೇಕು ಅಂತ ತಾವೇ ಡಾಕ್ಟರ ಹತ್ತಿರ ಹೋದರು. ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಅಂದರೂ ನಂಬಲಿಲ್ಲ. ಡಾಕ್ಟರಿಗೆ ಎಂತ ಗೊತ್ತು, ನನ್ನ ಪುಸ್ತಕವೇ ನನಗೆ ಸುಳ್ಳು ಹೇಳಿದೆ ಅಂದರಂತೆ.

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವರಿಗೆ ಗೊತ್ತಿರಲಿಲ್ಲ. ಏನೂ ಗೊತ್ತಿರಲಿಲ್ಲ.

ಆಕೆ ಒಳಗೆ ಹೋಗಿ ಅದೇ ಕಂದು ರಟ್ಟಿನ ಪುಸ್ತಕ ತಂದರು. ಆ ಸಾಲು ಹುಡುಕಲು ನನಗೆ ಕಷ್ಟವಾಗಲಿಲ್ಲ. ಲ್ಯಾಬಿನ ಸರ್ವರ್, ಲೈಬ್ರರಿಗೆ ಹೋಲ್ಡ್, ಟಿಕ್. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ‘ಟಿಕ್ ಹಾಕಿದ್ದೇನೆ, ಕೆಲಸ ಮಾಡಿಲ್ಲ. ನನಗೆ ಹೀಗೂ ಆಗುತ್ತದೆ’ ಅಂತ ಬರೆದಿದ್ದರು. ಆಮೇಲಿನ ಪುಟಗಳಲ್ಲಿ ಸರ್ವರ್ ಇಲ್ಲ. ಗ್ಯಾಸ್ ಬಂದ್. ನಲ್ಲಿ ಬಂದ್. ಬೀಗ. ಬಿಪಿ ಮಾತ್ರೆ. ದಿನಕ್ಕೆ ನಾಲ್ಕು ಸಾಲಿನ ಹಾಗೆ ಪುಟಗಟ್ಟಲೆ, ಪ್ರತಿ ಸಾಲಿಗೂ ಎರಡೆರಡು ಟಿಕ್. ಎರಡನೆಯದು ಸ್ವಲ್ಪ ಸೊಟ್ಟ.

‘ಎರಡನೆಯದು ನಂದು’ ಅಂದರು ಆಕೆ. ‘ಅವರ ಟಿಕ್ಕಿನ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ನೀನು ನೋಡಿ ಹಾಕು ಅಂತಿದ್ರು.’

ಮಗಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಆಕೆ ಸೆರಗು ಸರಿ ಮಾಡಿಕೊಂಡು, ಇಷ್ಟು ವರ್ಷದಿಂದ ಯಾರನ್ನಾದರೂ ಕೇಳಬೇಕು ಅಂತ ಇತ್ತು, ನೀವು ಜೊತೆಗಿದ್ದವರು ಅಂತ ಕೇಳುತ್ತೇನೆ ಅಂದರು. ‘ಅವರಿಗೆ ಆಫೀಸಿನಲ್ಲಿ ಇರುವಾಗಲೇ ಮರೆವು ಶುರುವಾಗಿತ್ತಾ?’

ಇಲ್ಲ ಅಂದೆ. ಆಕೆಗೆ ಕೇಳಿಸಲಿಲ್ಲ, ಎರಡನೇ ಸಲ ಹೇಳಬೇಕಾಯಿತು. ‘ಇಲ್ಲಮ್ಮ. ಅವರು ಹೋಲ್ಡ್ ಹಾಕಿದ್ದರು. ನಾನು ಪಕ್ಕದಲ್ಲೇ ಕೂತು ನೋಡಿದ್ದೆ. ಅದನ್ನು ತೆಗೆದವನು ನಾನು. ತೆಗೆದದ್ದನ್ನು ಅಳಿಸಿದವನೂ ನಾನೇ.’ ಹೋಲ್ಡ್ ಅಂದರೇನು ಅಂತ ಆಕೆ ಕೇಳಲಿಲ್ಲ. ಆರು ವರ್ಷ ಆ ಮನೆಯಲ್ಲಿ ಆ ಪದವೊಂದೇ ಓಡಾಡಿರಬೇಕು.

ಬೈಯುತ್ತಾರೆ ಅಂದುಕೊಂಡೆ. ಬೈಯಲಿ, ಮುಖಕ್ಕೆ ಉಗಿಯಲಿ ಅಂತ ಆಸೆಯೇ ಇತ್ತು. ಆಕೆ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಕೆಳಗೆ ಹಳಿಯ ಮೇಲೆ ಒಂದು ಗಾಡಿ ಹೋಯಿತು.

‘ನಿಮ್ಮ ಮನೆ ಎಲ್ಲಿ ಅಂದ್ರಿ?’

‘ಡೊಂಬಿವಲಿ.’

‘ಇಲ್ಲಿಂದ ಒಂದೇ ಸ್ಟೇಷನ್ನು ದೂರ’ ಅಂದರು.